ಬನ್ನಿಗಿಡದ ವಸ್ತಿಯ ಟಾಕಿ

ವಿಜಯಪುರ
ರವಿವಾರ, ೧೨ ಜನವರಿ ೨೦೨೫

ಪ್ರತಾಪ,

ನಿನಗೆ ಸುಧಾರಾಣಿಯ ನೆನಪುಗಳು. ಲಾತೂರಿನಲ್ಲಿ ಈ ಸಲ ಚಳಿ ಜೋರಾಗಿದೆಯಂತೆ, ನಿನಗೆ ಕೆಮ್ಮು ಹಿಡಿದುಬಿಟ್ಟಿದೆಯಂತೆ. ಅತ್ತೆ ಹೇಳಿದರು. ನಿನ್ನ ವಿಳಾಸವನ್ನೂ ಅವರೇ ಕೊಟ್ಟರು. ನಿನ್ನ ಕ್ಷೇಮಸಮಾಚಾರ ಅವರ ಬಾಯಿಂದ ಆಗಾಗ ತಿಳಿಯುತ್ತಲೇ ಇರುತ್ತದೆ. ಹಾಗಾಗಿ ಆ ಸಾಲುಗಳನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ನಾಲ್ಕು ಮಾತಾಡುವುದರೊಳಗೆ ದನಿ ಏರಿಸುತ್ತೇವೆ. ಆಮೇಲೆ ಯಾರೋ ಒಬ್ಬರು ಕಟ್ ಮಾಡುತ್ತೇವೆ. ಪತ್ರವಾದರೆ ನೀನು ನಡುವೆ ಬಾಯಿ ಹಾಕಲಾರೆ. ಪೂರ್ತಿ ಓದು. ಸಿಟ್ಟು ಬಂದರೆ ಓದಿ ಮುಗಿಸಿದ ಮೇಲೆ ಬರಲಿ.

ಶಾಂತಪ್ಪ ಸರ್ ಹೋದ ಸುದ್ದಿ ನಿನಗೆ ಮುಟ್ಟಿದೆ. ನವೆಂಬರಿನಲ್ಲಿ ನಾನು ಕಳಿಸಿದ ಮೆಸೇಜನ್ನು ನೀನು ಓದಿದ್ದೀ ಎಂಬುದನ್ನು ಫೋನೇ ತೋರಿಸಿತು. ಉತ್ತರ ಬರಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಅಂಥ ಸುದ್ದಿಗೆ ಏನು ಬರೆಯಬೇಕೆಂದು ನನಗೂ ಹೊಳೆಯುತ್ತಿರಲಿಲ್ಲ. ಆದರೆ ನೀನು ಊರು ಬಿಟ್ಟ ಮೇಲೆ ಸರ್ ಏನು ಮಾಡಿದರು ಎಂಬುದು ನಿನಗೆ ಗೊತ್ತಿಲ್ಲ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. "ಅವನಿಗಿ ತಿಳೀಬೇಕವ್ವಾ" ಎಂದು, ಸರ್ ಹೋದ ಮೇಲೆ ಒಬ್ಬರೇ ಉಳಿದ ರುದ್ರವ್ವನವರೂ ಹೇಳಿದ್ದಾರೆ.

ಮೊದಲು ಅವರು ಹೋದ ದಿನದ ಮಾತು. ಅಂದು ಮಂಗಳವಾರ. ಸಿದ್ಧೇಶ್ವರ ಗುಡಿಯ ಹಿಂದಿನ ಆ ಮನೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಊಟ ಮಾಡಿ ಪಡಸಾಲೆಯ ಕುರ್ಚಿಯಲ್ಲಿ ಒರಗಿದವರು ಹಾಗೆಯೇ ಹೊರಟುಹೋದರು. ರುದ್ರವ್ವನವರು ಚಹಾ ತಂದು ಕರೆದರಂತೆ. ನಿದ್ದೆ ಹತ್ತಿದೆ ಎಂದುಕೊಂಡು ಚಹಾದ ಮೇಲೆ ತಟ್ಟೆ ಮುಚ್ಚಿಟ್ಟು ಒಳಗೆ ಹೋದರಂತೆ. ನಾನು ಆಗ ಕಾಲೇಜಿನಲ್ಲಿ ಕ್ಲಾಸು ತೆಗೆದುಕೊಳ್ಳುತ್ತಿದ್ದೆ. ಸರ್ ಪಾಠ ಮಾಡುತ್ತಿದ್ದ ಕೋಣೆಯೇ ಈಗ ನನ್ನ ಪಾಲಿಗೆ ಬಂದಿದೆ, ಅವರ ವಿಷಯವೂ. ಕ್ಲಾಸು ಮುಗಿಸಿ ಹೊರಗೆ ಬಂದಾಗ ಅರುಣಕುಮಾರ ಬಾಗಿಲಲ್ಲಿ ನಿಂತಿದ್ದ. ನಮ್ಮ ಬ್ಯಾಚಿನ ಅರುಣಕುಮಾರ, ಈಗ ಇಲ್ಲಿಯೇ ಪಾಠ ಮಾಡುತ್ತಾನೆ. ನನ್ನ ಕೈಯಲ್ಲಿದ್ದ ಡಸ್ಟರು ತೆಗೆದುಕೊಂಡ, ಅಷ್ಟೆ. ನನಗೆ ಗೊತ್ತಾಯಿತು.

ಎಷ್ಟು ಜನ ಬಂದಿದ್ದರು ಗೊತ್ತೇ? ಓಣಿ ತುಂಬಿ ಮುಖ್ಯರಸ್ತೆಯವರೆಗೆ ನಿಂತಿದ್ದರು. ಬಾಗಲಕೋಟೆಯಿಂದ, ಕಲಬುರಗಿಯಿಂದ, ಮಿರಜದಿಂದ. ಕೆಲವರು ಸೈಟಿನಿಂದ ಎದ್ದು ಬಂದಿದ್ದರು, ಬೂಟಿನ ಮೇಲೆ ಸಿಮೆಂಟು ಹಾಗೇ ಇತ್ತು. ಬುದ್ಧವಂದನೆ ಹೇಳುವಾಗ ಅರ್ಧ ಜನಕ್ಕೆ ಅದರ ಮಾತುಗಳು ಬರುತ್ತಿರಲಿಲ್ಲ. ಬರದವರು ಕೈಮುಗಿದು ನಿಂತಿದ್ದರು. ಅರಕೇರಿಯಿಂದ ಬಂದ ಅವರ ಅಣ್ಣ ಈ ಜನವನ್ನು ನೋಡಿ, "ಇವರೆಲ್ಲಾ ಯಾರವ್ವಾ, ನಮ್ಮ ತಮ್ಮಗ ಮಕ್ಕಳಿಲ್ಲ ಅಂತ ನಾವು ಚಿಂತಿ ಮಾಡತಿದ್ವಿ" ಅಂದರು.

ಎಲ್ಲರೂ ನನ್ನನ್ನು ಕೇಳಿದ್ದು ಒಂದೇ. "ಪ್ರತಾಪ ಎಲ್ಲದಾನ?" ನಾನು, "ಹಾದ್ಯಾಗ ಅದಾನ" ಅಂದೆ. ಸಂಜೆಯವರೆಗೂ ಅದನ್ನೇ ಹೇಳಿದೆ. ಕೊನೆಗೆ ನನಗೇ ಅದು ನಿಜ ಅನ್ನಿಸತೊಡಗಿ, ಬಸ್ಸಿಳಿದು ಓಣಿ ತಿರುಗುವವರನ್ನು ನೋಡುತ್ತ ನಿಂತುಬಿಟ್ಟಿದ್ದೆ.

ಅಂದಿನಿಂದ ನನಗೆ ನಮ್ಮ ಓದಿನ ದಿನಗಳೇ ನೆನಪಾಗುತ್ತಿವೆ. ನಿನಗೂ ಆಗುತ್ತಿರಬಹುದು. ನಾವು ಕನ್ನಡ ಸಾಲೆಯಿಂದ ಬಂದವರೆಲ್ಲ ಕೊನೆಯ ಬೆಂಚುಗಳಲ್ಲಿ ಒತ್ತೊತ್ತಾಗಿ ಕೂರುತ್ತಿದ್ದೆವು. ಇಂಗ್ಲಿಷಿನಲ್ಲಿ ಪ್ರಶ್ನೆ ಬಂದರೆ ತಲೆ ತಗ್ಗಿಸುವುದೇ ನಮ್ಮ ಉತ್ತರವಾಗಿತ್ತು. ಸರ್ ಒಂದು ದಿನ ಬಕೀಟಿನ ತುಂಬ ನೀರು ತರಿಸಿ, ನಿನ್ನನ್ನೇ ಮುಂದೆ ಕರೆದರು. ಕೈ ಮುಂದಕ್ಕೆ ಚಾಚಿ ಬಕೀಟು ಹಿಡಿ ಅಂದರು. ನೀನು ಹಿಡಿದೆ. ಅವರು ಸುಮ್ಮನೆ ನೋಡುತ್ತ ನಿಂತರು. ನಿನ್ನ ಕೈ ನಡುಗತೊಡಗಿತು. ಹುಡುಗಿಯರ ಎದುರಿಗೆ ಸೋಲಬಾರದೆಂದು ಹಲ್ಲು ಕಚ್ಚಿದ್ದೆ ನೀನು, ನಾನು ನೋಡುತ್ತಿದ್ದೆ.

"ಎಲ್ಲಿ ನೋವಾಗಾಕತ್ತೈತಿ?"

"ಹೆಗಲಿಗಿರಿ ಸರ್."

"ಬೆರಳಿಗಿಲ್ಲ?"

"ಬೆರಳಿಗಿ ಇಷ್ಟಿಲ್ರಿ. ಹೆಗಲಿಗೇ ಹೆಚ್ಚ."

"ಹಂಗಾರ ಕಬ್ಬಿಣ ಎಲ್ಲಿ ಜಾಸ್ತಿ ಹಾಕಬೇಕು?"

ನೀನು ಬಕೀಟು ಕೆಳಗಿಟ್ಟು ನಿನ್ನ ಹೆಗಲನ್ನು ಮುಟ್ಟಿ ತೋರಿಸಿದೆ. ಸರ್ ಕ್ಲಾಸಿನ ಕಡೆ ತಿರುಗಿ, "ಕ್ಯಾಂಟಿಲಿವರ್ ಅಂದ್ರ ಇದ. ಇಂಗ್ಲಿಷ್ ಆಮ್ಯಾಲೆ ಕಲೀರಿ" ಅಂದರು. ಆ ದಿನದಿಂದ ನೀನು ಮೊದಲ ಬೆಂಚಿಗೆ ಬಂದೆ. ನಾನು ಈಗಲೂ ಅದೇ ಪಾಠಕ್ಕೆ ಬಕೀಟು ತರಿಸುತ್ತೇನೆ. ನನ್ನ ಹುಡುಗರಿಗೆ ಅದು ಯಾರ ಪಾಠವೆಂದು ಹೇಳುತ್ತೇನೆ. ಮೊದಲು ಬಕೀಟು ಹಿಡಿದವನು ಯಾರೆಂದು ಹೇಳುವುದಿಲ್ಲ.

ಒಮ್ಮೆ ಬಂದ್ ಇತ್ತು. ನೀನು ಬಂದಿರಲಿಲ್ಲ, ಹಾಗಾಗಿ ನಿನಗೆ ಇದು ಗೊತ್ತಿಲ್ಲ. ಇಟ್ಟಂಗಿಹಾಳದಿಂದ ನಮ್ಮಪ್ಪನ ಗೆಳೆಯರ ಬೈಕಿನ ಹಿಂದೆ ಕೂತು ನಾನೊಬ್ಬಳೇ ಕಾಲೇಜಿಗೆ ಬಂದಿದ್ದೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಸರ್ ಬಂದರು, ಹಾಜರಿ ಕರೆದರು. ಒಬ್ಬೊಬ್ಬರ ಹೆಸರೂ ಕರೆದರು, ನನ್ನ ಹೆಸರು ಬಂದಾಗ ನಾನು ಎದ್ದು ನಿಂತೆ. ಆಮೇಲೆ ಒಂದು ತಾಸು ಪೂರ್ತಿ ಪಾಠ ಮಾಡಿದರು. ಹಿಂದಿನ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ. ಮುಗಿದ ಮೇಲೆ, "ನಾಳೆ ಅವರಿಗೆಲ್ಲಾ ನೀನ ಹೇಳಿಕೊಡು" ಅಂದರು. ಮರುದಿನ ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ ತಾವು ನಿನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರಲ್ಲ, ಅದು ನಿನಗೆ ನೆನಪಿರಬೇಕು. ನಾನು ಮೇಷ್ಟರಾದದ್ದು ಆ ದಿನವೇ. ಉಳಿದದ್ದೆಲ್ಲ ಬರೀ ಕಾಗದಪತ್ರ.

ಮತ್ತು ನಮ್ಮಪ್ಪ. ನಿನ್ನನ್ನು ಮದುವೆಯಾಗುತ್ತೇನೆ ಅಂದಾಗ ನಮ್ಮಪ್ಪ ಧೂಳಪ್ಪ ನನ್ನ ಸಂಗಡ ಮಾತು ಬಿಟ್ಟಿದ್ದ. ನಿಮ್ಮ ಮನೆತನ ಬೇರೆ, ನಮ್ಮ ಮನೆತನ ಬೇರೆ ಅನ್ನುವುದರ ಆಚೆಗೆ ಅವನು ಬರುತ್ತಲೇ ಇರಲಿಲ್ಲ. ಸರ್ ಒಂದು ರವಿವಾರ ಇಟ್ಟಂಗಿಹಾಳಕ್ಕೆ ಹೋಗಿ ಕುರಿದೊಡ್ಡಿಯ ಕಲ್ಲಿನ ಮೇಲೆ ಕೂತರು. ಮದುವೆಯ ಮಾತೇ ಎತ್ತಲಿಲ್ಲ. ದೊಡ್ಡಿಯ ಗೋಡೆ ಹೊಟ್ಟೆ ಬಿಟ್ಟು ನಿಂತಿತ್ತು. ಮಳೆಗಾಲದಲ್ಲಿ ಇದು ಕುರಿಗಳ ಮೇಲೆ ಬೀಳುತ್ತದೆ ಅಂದು, ಮುಂದಿನ ವಾರ ಗೌಂಡಿ ರಸೂಲಸಾಬನನ್ನು ಕರೆದುಕೊಂಡು ಹೋಗಿ, ತಾವೂ ಕಲ್ಲು ಎತ್ತಿಕೊಟ್ಟು ಕಟ್ಟಿಸಿದರು. ಅಪ್ಪ ಗೋಡೆಯನ್ನು ಕೈಯಿಂದ ದೂಡಿ ನೋಡಿದ.

"ಮಾಸ್ತರ, ನಿಮ್ಮ ಆ ಹುಡುಗ ಹಿಂಗ ಗ್ವಾಡಿ ಕಟ್ಟತಾನೇನ್ರಿ?" ಎಂದು ಕೇಳಿದ.

"ನನಗಿಂತ ಚೊಲೊ ಕಟ್ಟತಾನ್ರಿ," ಅಂದರು ಸರ್.

ರಿಜಿಸ್ಟರ್ ಆಫೀಸಿಗೆ ಅಪ್ಪ ಹೊಸ ಪಟಗ ಸುತ್ತಿಕೊಂಡು ಬಂದದ್ದು ಆ ಒಂದು ಮಾತಿನ ಮೇಲೆ.

ಇನ್ನು ಟಾಕಿಯ ಮಾತು. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಆದರೆ ನಾನು ಕಂಡ ಹಾಗೆ. ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವಾಗ ಒಳಗೆ ಸಿಗುವ ಬನ್ನಿಗಿಡದ ವಸ್ತಿಗೆ ನೀರಿನ ಟಾಕಿ ಮಂಜೂರಾಗಿತ್ತು. ನೀನು ಗುತ್ತಿಗೆದಾರರ ಬಳಿ ಕೆಲಸಕ್ಕಿದ್ದೆ. ಅದು ನೀನೊಬ್ಬನೇ ಲೆಕ್ಕ ಹಾಕಿ, ನೀನೊಬ್ಬನೇ ನಕಾಶೆ ಬರೆದ ಮೊದಲನೆಯ ಟಾಕಿ. ಆರು ಕಾಲಿನ ಮೇಲೆ ನಿಲ್ಲುವ ದುಂಡನೆಯ ಟಾಕಿ. ಆ ನಕಾಶೆಯನ್ನು ಅಡುಗೆಮನೆಯ ನೆಲದ ಮೇಲೆ ಹಾಸಿ ನನಗೆ ತೋರಿಸಿದ್ದೆ, ನಾನು ಅದರ ಅಂಚಿಗೆ ಉಪ್ಪಿನ ಡಬ್ಬಿ ಇಟ್ಟು ಹಿಡಿದಿದ್ದೆ. ಆದರೆ ಕಾಂಕ್ರೀಟ್ ಹಾಕುವ ಹೊತ್ತಿಗೆ ಗುತ್ತಿಗೆದಾರ ನಿನ್ನನ್ನು ಬೇರೆ ಊರಿನ ಕೆಲಸಕ್ಕೆ ಕಳಿಸಿದ. ನೀನು ಬೇಡವೆಂದೆ, ಅವನು ಕೇಳಲಿಲ್ಲ. ನೀನು ತಿರುಗಿ ಬರುವುದರೊಳಗೆ ಟಾಕಿ ನಿಂತಿತ್ತು, ಬಣ್ಣವೂ ಆಗಿತ್ತು.

ಮೊದಲ ಸಲ ನೀರು ತುಂಬಿಸಿದಾಗ ಗೋಡೆ ಬೆವರಿತು. ಸಂಜೆಗೆ ಕಾಲುಗಳಲ್ಲಿ ಬಿರುಕು ಕಂಡಿತು. ಅಂಗನವಾಡಿ ಮಕ್ಕಳು ಆ ಟಾಕಿಯ ನೆರಳಿನಲ್ಲೇ ಆಡುತ್ತಿದ್ದರು. ಊರಿನವರು ಹೆದರಿ ಕಾಲೇಜಿಗೆ ಬಂದರು. ಕಾಲೇಜಿನವರು ಸರ್ ಅವರನ್ನು ಕಳಿಸಿದರು.

ಅಂದು ರಾತ್ರಿ ಊಟದ ಹೊತ್ತಿಗೆ ನೀನು ಸರ್ ಮನೆಗೆ ಹೋಗಿ ಕೇಳಿಕೊಂಡದ್ದು ನನಗೆ ಗೊತ್ತು. ನೀನು ಓದುವಾಗ ಒಂದು ವರ್ಷ ಅವರ ಮಾಳಿಗೆಯ ಕೋಣೆಯಲ್ಲಿದ್ದವನು. ರುದ್ರವ್ವನವರ ಕೈ ರೊಟ್ಟಿ ತಿಂದವನು. ನಿನಗೆ ಕೇಳುವ ಹಕ್ಕಿತ್ತು. "ಸರ್, ರಿಪೇರಿ ಮಾಡತೀವ್ರಿ, ಕೆಡವ್ರಿ ಅಂತ ಬರೀಬ್ಯಾಡ್ರಿ. ನನ್ನ ಮೊದಲನೇ ಕೆಲಸ ಇದು" ಅಂದೆಯಂತೆ. ಸರ್, "ಕೆಳಗ ಅಂಗನವಾಡಿ ಐತಿ ಪ್ರತಾಪ" ಅಂದರಂತೆ.

ಆಮೇಲೆ ಬನ್ನಿಗಿಡದ ಕೆಳಗೆ ಊರು ಸೇರಿದ ದಿನ. ಗುತ್ತಿಗೆದಾರನ ಕಡೆಯವನು ಎದ್ದು ನಿಂತು, "ನಕಾಶಿನ ತಪ್ಪೈತ್ರಿ, ನಾವು ಬರದಂಗ ಕಟ್ಟೀವಿ" ಅಂದ. ಎಲ್ಲರೂ ನಿನ್ನನ್ನು ನೋಡಿದರು. ನೀನು ಸರ್ ಅವರನ್ನು ನೋಡಿದೆ. ಊರಿನ ಹಿರಿಯ ಸಾಬಣ್ಣ, "ನೀವ ಹೇಳ್ರಿ ಮಾಸ್ತರ, ಯಾರ ತಪ್ಪು?" ಅಂದ. ಸರ್ ಹೇಳಿದ್ದು, "ಟಾಕಿ ಕೆಡವಬೇಕು. ಯಾರ ತಪ್ಪು ಅನ್ನೂದು ಪರೀಕ್ಷಾ ಆಗೂತನಕ ನಾ ಹೇಳಂಗಿಲ್ಲ. ಯಾರ ಹೆಸರೂ ಹೇಳಂಗಿಲ್ಲ."

ಪೇಪರಿನಲ್ಲಿ ಬಂದದ್ದು ನಿನ್ನ ಹೆಸರು. ಕೆಲಸವೂ ಹೋಯಿತು. ಮನೆಗೆ ಬಂದು, "ಮಗ ಅಂತಿದ್ರು. ಒಂದ ಮಾತ ಆಡಲಿಲ್ಲ ನನ್ನ ಸಲುವಾಗಿ" ಅಂದೆ ನೀನು. "ನೀ ಯಾರ ಕಡಿ?" ಎಂದು ನನ್ನನ್ನು ಕೇಳಿದೆ. ನಾನು, "ಅಂಗನವಾಡಿ ಕಡಿ" ಅಂದೆ.

ಆ ಮಾತನ್ನು ನಾನು ಇವತ್ತಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಪ್ರತಾಪ. ಆದರೆ ಅದು ನಿನ್ನ ವಿರುದ್ಧದ ಮಾತು ಎಂದು ನೀನು ತಿಳಿದೆ. ಬ್ಯಾಗು ತುಂಬಿಕೊಂಡು ಲಾತೂರಿಗೆ ಹೋದೆ. ಎರಡೂವರೆ ವರ್ಷವಾಯಿತು. ಇನ್ನು ಮುಂದಿನದು ನಿನಗೆ ತಿಳಿಯದ್ದು.

ಕೆಡವಿದ ಟಾಕಿಯ ಕಾಂಕ್ರೀಟಿನ ತುಂಡುಗಳನ್ನು ಪರೀಕ್ಷೆಗೆ ಕಳಿಸಿದ್ದರ ಉತ್ತರ ಗಣೇಶ ಚೌತಿಯ ಹೊತ್ತಿಗೆ ಬಂತು. ಸಿಮೆಂಟು ಇರಬೇಕಾದಷ್ಟು ಇರಲಿಲ್ಲ, ಉಸುಕಿನಲ್ಲಿ ಮಣ್ಣಿತ್ತು. ಸರ್ ಆಗ ನಿನ್ನ ನಕಾಶೆಯನ್ನು ಬಿಚ್ಚಿಕೊಂಡು ಎಲ್ಲ ಲೆಕ್ಕವನ್ನೂ ಹೊಸದಾಗಿ ಹಾಕಿದರು. ಆಮೇಲೆ ನನ್ನನ್ನು ಕರೆಸಿ ಅದನ್ನು ಮುಂದಿಟ್ಟು, "ತಪ್ಪ ಹುಡಕು. ಅಂವಾ ನಿನ್ನ ಗಂಡ ಅಂತ ಬಿಡಬ್ಯಾಡ" ಅಂದರು. ನಾನು ಬಿಡಲಿಲ್ಲ. ನಿನ್ನ ಮೇಲಿನ ಸಿಟ್ಟನ್ನೆಲ್ಲ ಸೇರಿಸಿಕೊಂಡೇ ಹುಡುಕಿದೆ. ನಿನ್ನ ಅಕ್ಷರ, ನೀನು ಏಳನ್ನು ನಡುವೆ ಗೀರಿ ಬರೆಯುವ ರೀತಿ, ಒಂದು ಕಡೆ ಚಹಾದ ಕಲೆ. ತಪ್ಪು ಸಿಗಲಿಲ್ಲ. ಸಿಗಲಿಲ್ಲ ಎಂದು ಹೇಳಲು ಹೋದಾಗ ನನಗೆ ಅಳು ಬಂತು. ಸರ್ ಕನ್ನಡಕ ತೆಗೆದು ಒರೆಸಿಕೊಂಡು, "ನನಗೂ ಸಿಗಲಿಲ್ಲ" ಅಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಆಮೇಲೆ ಅವರ ನಿವೃತ್ತಿಯ ಸಮಾರಂಭದಲ್ಲೂ ಕಾಣಲಿಲ್ಲ.

ಮತ್ತೆ ಊರು ಸೇರಿಸಿದರು. ಅದೇ ಗಿಡದ ಕೆಳಗೆ. ಅಂದು ಸರ್ ಮಾತಾಡಿದ್ದನ್ನು ನಾನು ಅವರ ಪಕ್ಕದಲ್ಲಿ ನಿಂತು ಕೇಳಿದ್ದೇನೆ. "ನಕಾಶಿ ಸರಿ ಐತಿ. ಹಾಕಿದ ಮಾಲು ಸರಿ ಇಲ್ಲ. ಇದನ್ನ ಬರದಾಂವ ನನ್ನ ವಿದ್ಯಾರ್ಥಿ ಪ್ರತಾಪ. ಅವನ್ನ ಇಲ್ಲಿ ನಿಲ್ಲಾಕ ಬಿಟ್ಟಿದ್ರ ಹಿಂಗ ಆಗತಿರಲಿಲ್ಲ. ಅವತ್ತ ನೀವು ಕೇಳಿದ್ರಿ, ನನಗ ಗೊತ್ತಿರಲಿಲ್ಲ, ಹೇಳಲಿಲ್ಲ. ಇವತ್ತ ಗೊತ್ತೈತಿ, ಹೇಳಾಕತ್ತೀನಿ." ಗುತ್ತಿಗೆದಾರನ ಮೇಲೆ ಕ್ರಮವಾಯಿತು. ಅದು ಪೇಪರಿನಲ್ಲಿ ಬರಲಿಲ್ಲ.

ಅಂದು ನಾನು ನಿನಗೆ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಸರ್ ವಿಷಯ ಮಾತಾಡಬೇಕು ಎಂದು ಬರೆದೆ. "ಬ್ಯಾಡ" ಎಂದು ಉತ್ತರ ಬಂತು. ಸರ್‌ಗೆ ತೋರಿಸಿದೆ. ಅವರು ನಕ್ಕು, "ಇದು ಫೋನಿನ್ಯಾಗ ಹೇಳೂ ಮಾತಲ್ಲ ಬಿಡು. ನಾನ ಹೋಗಿ ಹೇಳತೀನಿ. ಬರೇ ಕೈಲೆ ಹೋಗಬಾರದು, ಹೊಸಾ ಟಾಕಿ ಕೆಲಸ ಸುರು ಆಗಲಿ" ಅಂದರು. ಅವರೇ ಹೇಳಲಿ ಎಂದು ನಾನೂ ಬಿಟ್ಟೆ.

ಹೊಸ ಟಾಕಿ ಕೆಲಸ ಸುರುವಾಗಲು ವರ್ಷವೇ ಹಿಡಿಯಿತು. ಆಫೀಸಿಗೆ ಹೊಸದಾಗಿ ಬಂದ ಅಧಿಕಾರಿಗಳು ಬೇರೆ ನಕಾಶೆ ಮಾಡಿಸುತ್ತೇವೆ, ಇದಕ್ಕೆ ಕೆಟ್ಟ ಹೆಸರು ಬಂದಿದೆ ಅಂದರು. ಸರ್ ಆಗ ನಿವೃತ್ತರು, ಯಾವ ಅಧಿಕಾರವೂ ಇಲ್ಲ. ಆದರೂ ಆಫೀಸಿನ ಬಾಗಿಲು ಕಾದರು. ಹೊರಗಿನ ಬೆಂಚಿನ ಮೇಲೆ ಅವರು ಕೂತದ್ದನ್ನು ಕಂಡು, ಅಲ್ಲಿ ಕೆಲಸಕ್ಕಿದ್ದ ಅವರ ಹಳೆಯ ವಿದ್ಯಾರ್ಥಿಗಳೇ ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದರು. ಕೊನೆಗೆ ನಿನ್ನ ನಕಾಶೆಯೇ ಉಳಿಯಿತು. ನಿನ್ನ ಹೆಸರೂ ಅದರ ಮೂಲೆಯಲ್ಲಿ ಹಾಗೇ ಉಳಿಯಿತು.

ಆಗ ಅವರು ಲಾತೂರಿಗೆ ಬಂದರು. ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲೆ. ಸೊಲ್ಲಾಪುರದ ಮೇಲೆ ಬಸ್ಸು ಬದಲಿಸಿಕೊಂಡು, ರುದ್ರವ್ವನವರು ಕಟ್ಟಿಕೊಟ್ಟ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತೆಗೆದುಕೊಂಡು. ನಿನಗೆ ಆ ದಿನ ನೆನಪಿರಬೇಕು. ನಿನ್ನ ಸೈಟಿನ ಗೇಟಿನವನು ಒಳಗೆ ಬಂದು, ವಿಜಾಪುರದಿಂದ ಶಾಂತಪ್ಪ ಅನ್ನುವವರು ಬಂದಿದ್ದಾರೆ ಎಂದು ಹೇಳಿದ್ದಾನೆ. ನೀನು ಬರಲಾಗುವುದಿಲ್ಲವೆಂದು ಹೇಳಿ ಕಳಿಸಿದ್ದೀ. ಸರ್ ರೊಟ್ಟಿಯ ಗಂಟನ್ನು ಗೇಟಿನವನ ಕೈಗೆ ಕೊಟ್ಟು ತಿರುಗಿ ಬಂದರು.

ಅವರು ಯಾಕೆ ಬಂದಿದ್ದರೆಂದು ಈಗ ಹೇಳುತ್ತೇನೆ. ಕಾಂಕ್ರೀಟ್ ಹಾಕುವ ದಿನ ನೀನು ಅಲ್ಲಿ ನಿಲ್ಲಬೇಕೆಂದು ಕರೆಯಲು ಬಂದಿದ್ದರು.

ಅವರು ತಿರುಗಿ ಬಂದ ದಿನ ನಾನು ಅವರ ಮನೆಯಲ್ಲೇ ಇದ್ದೆ. ಬಂದವರೇ ಕೈಕಾಲು ತೊಳೆದುಕೊಂಡು ಕೂತರು. "ಸಿಕ್ಕನೇನ್ರಿ?" ಎಂದು ರುದ್ರವ್ವನವರು ಕೇಳಿದರು. ಸರ್ ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ. "ಅಲ್ಲಿ ಸ್ಲ್ಯಾಬ್ ಹಾಕಾಕತ್ತಿದ್ರು. ಮಿಕ್ಸರ್ ಸಪ್ಪಳ ಗೇಟಿಗೇ ಕೇಳತಿತ್ತು. ಕಾಂಕ್ರೀಟ್ ನಡೆದಾಗ ಇಂಜಿನಿಯರ್ ಬಿಟ್ಟ ಬರಬಾರದು. ಅಂವಾ ಬರಲಿಲ್ಲ. ಚೊಲೊ ಮಾಡಿದ."

ಅವರು ಅದನ್ನು ನಂಬಿದ್ದರೋ, ನಿನ್ನ ಮಾನ ಕಾಯಲು ನಮಗೆ ಹಾಗೆ ಹೇಳಿದರೋ, ನನಗೆ ಗೊತ್ತಿಲ್ಲ. ಅಂದು ಅಲ್ಲಿ ಸ್ಲ್ಯಾಬ್ ಹಾಕುತ್ತಿದ್ದರೋ ಇಲ್ಲವೋ ನಿನಗೊಬ್ಬನಿಗೇ ಗೊತ್ತು. ನನಗೆ ಹೇಳಬೇಕಾಗಿಲ್ಲ. ಆಮೇಲೆ ಯಾರಾದರೂ ನಿನ್ನ ಬಗ್ಗೆ ಕೊಂಕು ಮಾತಾಡಿದರೆ ಸರ್ ಆ ಸ್ಲ್ಯಾಬಿನ ಮಾತನ್ನೇ ಹೇಳುತ್ತಿದ್ದರು. "ನಮ್ಮ ಪ್ರತಾಪ ಕಾಂಕ್ರೀಟ್ ಬಿಟ್ಟು ನನ್ನ ನೋಡಾಕೂ ಬರಲಿಲ್ಲ" ಎಂದು, ಹೆಮ್ಮೆಯಿಂದ.

ಆಮೇಲೆ ನಿನ್ನ ಜಾಗದಲ್ಲಿ ಅವರೇ ನಿಂತರು. ಮುಂಜಾನೆಯ ತಿಕೋಟಾ ಬಸ್ಸು, ಅಲ್ಲಿಂದ ಸಿಕ್ಕ ಟಂಟಂ, ಅದೂ ಸಿಗದಿದ್ದರೆ ದ್ರಾಕ್ಷಿ ತೋಟಗಳ ನಡುವಿನ ಹಾದಿಯಲ್ಲಿ ನಡಿಗೆ. ಕೈಯಲ್ಲಿ ಛತ್ರಿ, ಹೆಗಲಿಗೆ ಬಟ್ಟೆಯ ಚೀಲ. ಉಸುಕನ್ನು ಮುಷ್ಟಿಯಲ್ಲಿ ಹಿಡಿದು ನೀರಿನಲ್ಲಿ ತೊಳೆದು ನೋಡಿಯೇ ಒಳಗೆ ಬಿಡುತ್ತಿದ್ದರು. ಗೌಂಡಿ ಕೆಲಸಕ್ಕೆ ರಸೂಲಸಾಬನೇ ಬಂದಿದ್ದ. ಮಧ್ಯಾಹ್ನ ಇಬ್ಬರೂ ಒಂದೇ ಗಂಟು ಬಿಚ್ಚಿ ಉಣ್ಣುತ್ತಿದ್ದರು. ರಜೆ ಇದ್ದಾಗಲೆಲ್ಲ ನಾನೂ ಹೋಗುತ್ತಿದ್ದೆ. ಎದೆಯ ತೊಂದರೆ ಇದೆ, ಏಣಿ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ, "ನನ್ನ ಬದಲಿ ನೀ ಹತ್ತು" ಅನ್ನುತ್ತಿದ್ದರು. ನಾನು ಹತ್ತಿ ಸರಳುಗಳ ಅಂತರ ಅಳೆದು ಮೇಲಿಂದ ಕೂಗುತ್ತಿದ್ದೆ. ಅವರು ಕೆಳಗೆ ಛತ್ರಿಯ ಅಡಿಯಲ್ಲಿ ನಿಂತು, ನಿನ್ನ ನಕಾಶೆಯ ಮೇಲೆ ಬೆರಳಿಟ್ಟು "ಹೂಂ, ಮುಂದ" ಅನ್ನುತ್ತಿದ್ದರು. ಮೇಲಿಂದ ಬಬಲೇಶ್ವರದ ದಿಕ್ಕಿನ ಹೊಲಗಳೆಲ್ಲ ಕಾಣುತ್ತವೆ. ನೀನು ನೋಡಿಲ್ಲ ಅದನ್ನು. ನೀನು ನೋಡಬೇಕಾಗಿದ್ದ ನೋಟ ಅದು ಎಂದು ಪ್ರತಿ ಸಲವೂ ಅನ್ನಿಸುತ್ತಿತ್ತು.

ಬೇಸಿಗೆ ಬಂತು. ಹಾಕಿದ ಕಾಂಕ್ರೀಟಿಗೆ ದಿನವೂ ನೀರು ಹಾಕಬೇಕು, ಕೂಲಿಯವರು ಒಂದು ದಿನ ಹಾಕಿದರೆ ಇನ್ನೊಂದು ದಿನ ಇಲ್ಲ. ಸರ್ ವಸ್ತಿಯ ಹೆಣ್ಣುಮಕ್ಕಳನ್ನು ಕೇಳಿದರು. ಅಂಗನವಾಡಿಯಲ್ಲಿ ಅಡುಗೆ ಮಾಡುವ ಪರಸವ್ವ ಕೊಡ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಯಪ್ಪಾ, ನಮಗ ಕುಡಿಯಾಕ ನೀರಿಲ್ಲ. ನಿನ್ನ ಕಲ್ಲಿಗಿ ಎಲ್ಲಿಂದ ಹಾಕೂಣು?"

"ಈಗ ಅದು ಕುಡೀಲಿ ಯವ್ವಾ. ಆಮ್ಯಾಲೆ ನಿಮಗ ಕುಡಸತೈತಿ."

"ಹಿಂದಿಂದೂ ಹಿಂಗ ಅಂದಿದ್ರು. ಕೆಡವಿದ್ರಿ."

"ಕೆಡವಿದಾಂವ ನಾನ. ಅದಕ್ಕ ನಾನ ಬಂದ ನಿಂತೀನಿ," ಅಂದರು ಸರ್.

ಪರಸವ್ವ ಅವರ ಮುಖ ನೋಡಿದಳು. ಅದೇ ಕೊಡವನ್ನು ಎತ್ತಿ ಕಂಬಕ್ಕೆ ಸುತ್ತಿದ ಗೋಣಿಚೀಲದ ಮೇಲೆ ಸುರಿದಳು. ಮರುದಿನದಿಂದ ಹೆಂಗಸರು ಸರದಿ ಮಾಡಿಕೊಂಡರು. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಯಾವುದನ್ನೂ ಚೆಲ್ಲಲಿಲ್ಲ. ಅಕ್ಕಿ ತೊಳೆದ ನೀರು ನಡೆಯುತ್ತದೆಯೇ ಎಂದು ನಾನು ಕೇಳಿದಾಗ ಸರ್ ನಕ್ಕರು. "ಪುಸ್ತಕದಾಗ ಇಲ್ಲ. ಪ್ರೀತಿಲೆ ಹಾಕಾಕತ್ತಾರ, ಹಾಕಲಿ ಬಿಡು."

ಅಕ್ಟೋಬರಿನಲ್ಲಿ ಕೆಲಸ ಮುಗಿಯಿತು. ಪಂಪಿಗೆ ಕರೆಂಟು ಕೊಡುವುದು ಮಾತ್ರ ಉಳಿದಿತ್ತು. ಸರ್ ದಿನವೂ ಸಾಬಣ್ಣನಿಗೆ ಫೋನ್ ಮಾಡಿ, ಕರೆಂಟು ಬಂತೇನು, ನೀರು ಬಿಟ್ಟರೇನು ಎಂದು ಕೇಳುತ್ತಿದ್ದರು. ನೀರು ತುಂಬಿದ ಮೇಲೆ ಮತ್ತೊಮ್ಮೆ ಲಾತೂರಿಗೆ ಹೋಗುವ ಮನಸ್ಸಿತ್ತು ಅವರಿಗೆ. "ಈ ಸಲ ನಿನ್ನೂ ಕರಕೊಂಡ ಹೋಗತೀನಿ" ಅಂದಿದ್ದರು ನನಗೆ. ಅಷ್ಟರಲ್ಲಿ ಆ ಮಂಗಳವಾರ ಬಂತು.

ಹೋದ ರವಿವಾರ, ಎಳ್ಳ ಅಮ್ಮಾಸಿ ಮುಗಿದ ವಾರ, ಟಾಕಿಗೆ ನೀರು ತುಂಬಿದರು. ರುದ್ರವ್ವನವರನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿಯವರೆಗೆ ಅವರು ಆ ಜಾಗ ನೋಡಿರಲೇ ಇಲ್ಲ, ರೊಟ್ಟಿ ಕಟ್ಟಿಕೊಟ್ಟದ್ದಷ್ಟೆ. ನೀರು ಏರುವ ಸದ್ದು ಕೊಳವೆಯಲ್ಲಿ ಕೇಳುತ್ತಿತ್ತು. ಎಲ್ಲರೂ ಗೋಡೆಯನ್ನೇ ನೋಡುತ್ತಿದ್ದೆವು, ಎಲ್ಲಿ ಕಪ್ಪಾಗುತ್ತದೋ ಎಂದು. ಸಂಜೆಯಾಯಿತು. ನಾವಿಬ್ಬರೂ ಪರಸವ್ವನ ಮನೆಯಲ್ಲೇ ಉಳಿದೆವು. ಬೆಳಗ್ಗೆ ಎದ್ದು ಹೋಗಿ ನೋಡಿದರೆ ಗೋಡೆ ಒಣಗಿಯೇ ಇತ್ತು, ಒಂದು ಹನಿ ಇಲ್ಲ. ಕಾಲುಗಳಲ್ಲಿ ಒಂದು ಗೆರೆ ಇಲ್ಲ. ರಸೂಲಸಾಬ ಸುತ್ತಲೂ ನಡೆದು ಬಂದು ಒಂದು ಮೂಲೆಯಲ್ಲಿ ಮುಖಕ್ಕೆ ಟವೆಲ್ ಒತ್ತಿ ಕೂತುಬಿಟ್ಟ. ರುದ್ರವ್ವನವರು ಒಂದು ಕಂಬಕ್ಕೆ ಅಂಗೈ ಹಚ್ಚಿ ಬಹಳ ಹೊತ್ತು ನಿಂತರು. "ಗಟ್ಟಿ ಐತಿ" ಅಂದರು, ಅಷ್ಟೆ.

ಊರಿನವರು ಟಾಕಿಯ ಮೇಲೆ ಸರ್ ಹೆಸರು ಬರೆಸುತ್ತೇವೆ ಅಂದರು. ರುದ್ರವ್ವನವರು ಬೇಡವೆಂದರು. ನಿಮ್ಮ ಊರಿನ ಹೆಸರು ಬರೆಸಿರಿ, ಅವರಿಗೆ ಅದೇ ಸೇರುತ್ತಿತ್ತು ಅಂದರು.

ಜನವರಿ ಇಪ್ಪತ್ತಾರಕ್ಕೆ ಮನೆ ಮನೆಯ ನಲ್ಲಿಗೆ ನೀರು ಬಿಡುತ್ತಾರೆ. ವಾಲ್ವು ತಿರುಗಿಸಲು ಯಾರನ್ನಾದರೂ ದೊಡ್ಡವರನ್ನು ಕರೆಯೋಣ ಎಂದು ಯಾರೋ ಅಂದಾಗ ಸಾಬಣ್ಣ ಒಪ್ಪಲಿಲ್ಲ. "ನಕಾಶಿ ಬರದಾಂವ ಅದಾನಲ್ಲ, ಅವನ್ನ ಕರೀರಿ. ಅವತ್ತ ನಾವ ಅವನ್ನ ನೋಡಿದ ನೋಟ ಸರಿ ಇರಲಿಲ್ಲ" ಅಂದ. ರುದ್ರವ್ವನವರೂ ಅದನ್ನೇ ಹೇಳಿದರು. ಮಾಳಿಗೆಯ ಕೋಣೆ ಕಸ ಹೊಡೆಸಿ ಇಟ್ಟಿದ್ದಾರಂತೆ.

ಅವರೆಲ್ಲರ ಪರವಾಗಿ ಬರೆದಿದ್ದೇನೆ. ಬರುವುದು ಬಿಡುವುದು ನಿನಗೆ ಸೇರಿದ್ದು. ಬಂದರೆ ತಿಕೋಟಾದಲ್ಲಿ ಇಳಿದು ನೇರ ವಸ್ತಿಗೇ ಹೋಗಬಹುದು, ಸಾಬಣ್ಣ ಬೈಕು ಕಳಿಸುತ್ತಾನೆ. ನಮ್ಮ ಮನೆಗೆ ಬರಲೇಬೇಕೆಂದಿಲ್ಲ. ರುದ್ರವ್ವನವರನ್ನು ಮಾತ್ರ ನೋಡದೆ ಹೋಗಬೇಡ.

ಕೆಮ್ಮಿಗೆ ಔಷಧ ತೆಗೆದುಕೋ. ಸೈಟಿನಲ್ಲಿ ಕಿವಿಗೆ ಮಫ್ಲರು ಕಟ್ಟಿಕೋ.

ಇಂತಿ,
ಸುಧಾರಾಣಿ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಟಾಕಿಯ ಕೆಲಸ ಅಕ್ಟೋಬರಿಗೇ ಮುಗಿಯಿತಲ್ಲ, ಆಮೇಲೆ ನನಗೆ ಅಲ್ಲಿ ಏನೂ ಕೆಲಸವಿಲ್ಲ. ಆದರೂ ಪ್ರತಿ ರವಿವಾರ ತಿಕೋಟಾ ಬಸ್ಸು ಹತ್ತುತ್ತೇನೆ. ಕಾಲೇಜಿನಲ್ಲಿ ನಾನು ಸುಧಾರಾಣಿ ಮೇಡಮ್. ಇಟ್ಟಂಗಿಹಾಳದಲ್ಲಿ ಧೂಳಪ್ಪನ ಮಗಳು. ನಮ್ಮ ಓಣಿಯಲ್ಲಿ ನನ್ನೆದುರು ನಿನ್ನ ಹೆಸರು ಎತ್ತುವುದನ್ನೇ ಜನ ಬಿಟ್ಟಿದ್ದಾರೆ. ಆ ವಸ್ತಿಗೆ ಮೊದಲ ಸಲ ಹೋದಾಗ ಸರ್ ನನ್ನನ್ನು ಹೇಗೆ ಪರಿಚಯಿಸಿದರೋ ಅಲ್ಲಿಯವರಿಗೆ ನಾನು ಇವತ್ತಿಗೂ ಹಾಗೆಯೇ. ನಾನು ಹಾದಿಯಲ್ಲಿ ಕಂಡ ಕೂಡಲೇ ಪರಸವ್ವ ಒಳಗಿನವರಿಗೆ ಕೂಗಿ ಹೇಳುತ್ತಾಳೆ: "ಪ್ರತಾಪ ಸಾಹೇಬರ ಮನಿಯವರು ಬಂದ್ರು, ಚಹಾಕ್ಕ ಇಡ್ರಿ." ಅದನ್ನು ಕೇಳಲಿಕ್ಕೇ ಹೋಗುತ್ತೇನೆ.